ತಂತ್ರಾಂಶಕ್ಕೆ ಕನ್ನಡ, ಮರಾಠಿ ಸೇರಿಸುವುದು ಈಗಲೋ, ಪರದೆಗಳು ನೆಲೆನಿಂತ ಮೇಲೋ?

ಪ್ರಶ್ನೆ: ನಾವು ಹಾಸನದಲ್ಲಿ ನಾಲ್ಕು ಜನ ಸೇರಿ ಹಾಲು ಉತ್ಪಾದಕರ ಸಹಕಾರ ಸಂಘಗಳಿಗಾಗಿ ಒಂದು ತಂತ್ರಾಂಶ ರೂಪಿಸುತ್ತಿದ್ದೇವೆ. ಹಾಲಿನ ಅಳತೆ, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ), ದರ, ಬಟವಾಡೆ ಎಲ್ಲವನ್ನೂ ಅದು ನೋಡಿಕೊಳ್ಳುತ್ತದೆ. ಕಾರ್ಯದರ್ಶಿಗಳು ಅದನ್ನು ಕಂಪ್ಯೂಟರಿನಲ್ಲಿ ಬಳಸುತ್ತಾರೆ. ಉತ್ಪಾದಕರಿಗೆ ಥರ್ಮಲ್ ಪ್ರಿಂಟರಿನ ಚೀಟಿ ಮತ್ತು ಎಸ್‌ಎಂಎಸ್ ಸಿಗುತ್ತದೆ. ಇತ್ತೀಚೆಗೆ ಆಂಡ್ರಾಯ್ಡ್ ಆ್ಯಪ್ ಕೂಡ ಬಂದಿದೆ. ಒಂದೂವರೆ ವರ್ಷದಿಂದ ಎಲ್ಲವೂ ಇಂಗ್ಲಿಷ್‌ನಲ್ಲಿದೆ. ಸುಮಾರು 60 ಪರದೆಗಳಿದ್ದು, ವಾರಕ್ಕೊಮ್ಮೆ ಏನಾದರೊಂದು ಬದಲಾಗುತ್ತಲೇ ಇರುತ್ತದೆ. ಈಗ ನಮ್ಮ ಸಂಘಗಳು ಕನ್ನಡ ಕೇಳುತ್ತಿವೆ. ನಿಪ್ಪಾಣಿ ಕಡೆಯ ಒಂದು ಸಂಘ ಮರಾಠಿಯಲ್ಲಿ ಚೀಟಿ ಕೊಡಬಲ್ಲಿರಾ ಎಂದು ವಿಚಾರಿಸಿದೆ. ಕೂಡಲೇ ಮಾಡದಿದ್ದರೆ ಮುಂದೆ ಎಲ್ಲವನ್ನೂ ಹೊಸದಾಗಿ ಬರೆಯಬೇಕಾದೀತು ಎಂದು ನಮ್ಮಲ್ಲೊಬ್ಬರು ಹೇಳುತ್ತಾರೆ. ಪರದೆಗಳು ಒಂದು ಹದಕ್ಕೆ ಬರುವವರೆಗೆ ಅನುವಾದಕ್ಕೆ ಕೈಹಾಕಬಾರದು ಎಂಬುದು ಇನ್ನೊಬ್ಬರ ವಾದ. ಸದ್ಯಕ್ಕೆ ಬ್ರೌಸರಿನ ಯಂತ್ರಾನುವಾದವೇ ಸಾಕು ಎನ್ನುವವರೂ ಇದ್ದಾರೆ. ಯಾವಾಗ ಮಾಡುವುದು ಸರಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಭಯಗಳು ಒಂದರೊಳಗೊಂದು ಸೇರಿಕೊಂಡಿವೆ. ಈಗಲೇ ಕನ್ನಡ ಹಾಕಿದರೆ ವಾರವಾರವೂ ಬದಲಾಗುವ ಪರದೆಗಳ ಹಿಂದೆ ಅನುವಾದವನ್ನೂ ಓಡಿಸುತ್ತಿರಬೇಕು ಎಂಬುದು ಒಂದು. ತಡಮಾಡಿದರೆ ಇಡೀ ತಂತ್ರಾಂಶವನ್ನು ಬಿಚ್ಚಿ ಕಟ್ಟಬೇಕಾದೀತು ಎಂಬುದು ಇನ್ನೊಂದು. ಎರಡಕ್ಕೂ ಆಧಾರವಿದೆ, ಆದರೆ ಅವು ಒಂದೇ ಕೆಲಸದ ಕುರಿತಾದ ಭಯಗಳಲ್ಲ. ಮೊದಲನೆಯದು ಅನುವಾದಕ್ಕೆ ಸೇರಿದ್ದು. ಎರಡನೆಯದು ಅನುವಾದವನ್ನು ಹಾಕಲು ಬರುವಂತೆ ತಂತ್ರಾಂಶವನ್ನು ಅಣಿಗೊಳಿಸುವುದಕ್ಕೆ ಸೇರಿದ್ದು. ಅಣಿಗೊಳಿಸುವ ಕೆಲಸ ಮುಂದೂಡಿದಷ್ಟೂ ದುಬಾರಿಯಾಗುತ್ತದೆ. ಅನುವಾದದ ಕೆಲಸ ಓದುವವರು ಸಿಗುವ ಮೊದಲೇ ಮಾಡಿದಷ್ಟೂ ವ್ಯರ್ಥವಾಗುತ್ತದೆ. ಆದ್ದರಿಂದ ‘ಯಾವಾಗ’ ಎಂಬ ಪ್ರಶ್ನೆಗೆ ನಿಮಗೆ ಒಂದೇ ದಿನಾಂಕ ಸಿಗುವುದಿಲ್ಲ.

ಈ ಎರಡಕ್ಕೂ ಮುಂಚಿನದು ನಿಮ್ಮ ದತ್ತಾಂಶದ ಸ್ಥಿತಿ. ಪರದೆಯ ಮೇಲಿನ ಪಠ್ಯವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಸದಸ್ಯರ ಹೆಸರನ್ನು ಡೇಟಾಬೇಸ್ ಒಮ್ಮೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಉಳಿಸಿಕೊಂಡರೆ ಅದನ್ನು ಮರಳಿ ಪಡೆಯುವ ದಾರಿಯೇ ಇಲ್ಲ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ 8.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ, ನೀವಾಗಿಯೇ ಬೇರೆ ಹೇಳದಿದ್ದರೆ, ಲ್ಯಾಟಿನ್1 ಎಂಬ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಸಂಕೇತಗಳಾಗಿ ಉಳಿಸುವ ಪದ್ಧತಿ, ಇರುತ್ತಿತ್ತು. ಕನ್ನಡಕ್ಕೆ ಅಲ್ಲಿ ಜಾಗವಿಲ್ಲ, ಮತ್ತು ಸಂಯೋಜನೆ ಸಡಿಲವಾಗಿದ್ದರೆ ದೋಷಸಂದೇಶವೂ ಇಲ್ಲದೆ ಅಕ್ಷರಗಳು ಕಳೆದುಹೋಗುತ್ತವೆ. ಅದರಲ್ಲಿ ‘ಯುಟಿಎಫ್8’ ಎಂಬ ಹೆಸರಿನಿಂದ ಬಹುಕಾಲ ಇದ್ದುದು 3 ಬೈಟ್‌ಗಳ ಮಿತಿಯ ರೂಪ. ಕನ್ನಡದ ಪ್ರತಿಯೊಂದು ಸಂಕೇತವೂ ಸರಿಯಾಗಿ 3 ಬೈಟ್‌ಗಳಲ್ಲಿ ಕೂರುವುದರಿಂದ ಎಲ್ಲವೂ ಚೆನ್ನಾಗಿದೆ ಎಂದೇ ತೋರುತ್ತದೆ. ಯಾರಾದರೂ ಒಂದು ಎಮೋಜಿ ಹಾಕಿದಾಗ ಮಾತ್ರ ಅದು ಎಡವುತ್ತದೆ. 4 ಬೈಟ್‌ಗಳವರೆಗೂ ಹಿಡಿಯುವ ಯುಟಿಎಫ್8ಎಂಬಿ4 ಎಂಬ ಪೂರ್ಣ ರೂಪಕ್ಕೆ ಬದಲಾಗಲು ನಿಮಗೆ ಯಾವ ಸಂಘವೂ ಕನ್ನಡ ಕೇಳಬೇಕಾಗಿಲ್ಲ. ಈ ವಾರವೇ ಪರೀಕ್ಷಿಸಿ.

ದತ್ತಾಂಶದ ವಿಷಯದಲ್ಲಿ ಇನ್ನೆರಡು ಸಂಗತಿಗಳನ್ನು ಸಂಘಗಳೊಂದಿಗೆ ಕೆಲಸ ಮಾಡುವಾಗ ಮತ್ತೆ ಮತ್ತೆ ಕಂಡಿದ್ದೇನೆ. ಹಳೆಯ ಸದಸ್ಯರ ಪಟ್ಟಿ ಅನೇಕ ಕಡೆ ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇರುತ್ತದೆ, ಅಂದರೆ ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಯೂನಿಕೋಡ್ ಸಂಕೇತಗಳಿಗಿಂತ ಹಿಂದಿನವುಗಳಲ್ಲಿ. ಆ ಫೈಲಿನೊಳಗೆ ಇರುವುದು ವಾಸ್ತವವಾಗಿ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕಿರುತ್ತದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸದೆ ಆಮದು ಮಾಡಿಕೊಂಡರೆ ನಿಮ್ಮ ಪರದೆಯಲ್ಲಿ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಎರಡನೆಯದು, ಯೂನಿಕೋಡಿನಲ್ಲಿಯೇ ಒಂದು ಅಕ್ಷರವನ್ನು ಎರಡು ಬಗೆಯಲ್ಲಿ ಉಳಿಸಲು ಸಾಧ್ಯವಿದೆ: ‘ಹೊ’ದಲ್ಲಿರುವ ಒತ್ವವು ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳ ಜೋಡಿಯಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ಹುಡುಕಾಟಕ್ಕೆ ಅವು ಬೇರೆ ಬೇರೆ, ಹಾಗಾಗಿ ‘ಹೊನ್ನಪ್ಪ’ ಎಂದು ಹುಡುಕಿದ ಕಾರ್ಯದರ್ಶಿಗೆ ಎದುರಿಗೇ ಇರುವ ಹೊನ್ನಪ್ಪ ಸಿಗುವುದಿಲ್ಲ. ಉಳಿಸುವ ಮೊದಲು ಪಠ್ಯವನ್ನು ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತರುವ ಒಂದು ಸಾಲಿನ ಕೋಡ್ ಇದಕ್ಕೆ ಪರಿಹಾರ. ಲಕ್ಷ ದಾಖಲೆಗಳು ಸೇರಿದ ಮೇಲೆ ಅದನ್ನೇ ಮಾಡುವುದು ಅಷ್ಟು ಸುಲಭವಲ್ಲ.

ಹೆಸರುಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಇಂಗ್ಲಿಷ್‌ನಲ್ಲಿರುವ ಸದಸ್ಯರ ಹೆಸರುಗಳನ್ನು ಯಂತ್ರದಿಂದ ಕನ್ನಡಕ್ಕೆ ಲಿಪ್ಯಂತರ ಮಾಡಿಸಿ ಕೈತೊಳೆದುಕೊಳ್ಳುವ ಆಸೆ ನಿಮಗೆ ಬಂದೇ ಬರುತ್ತದೆ. ರೋಮನ್ ಲಿಪಿಯಲ್ಲಿ ಹ್ರಸ್ವ ದೀರ್ಘಗಳ ಭೇದವಾಗಲಿ, ತ–ಟ, ನ–ಣ, ಲ–ಳಗಳ ಭೇದವಾಗಲಿ ಉಳಿದಿರುವುದಿಲ್ಲ, ಆದ್ದರಿಂದ ಯಂತ್ರ ಊಹಿಸುತ್ತದೆ, ಮತ್ತು ಮನುಷ್ಯರು ತಮ್ಮ ಹೆಸರಿನ ತಪ್ಪನ್ನು ಬೇರೆ ಯಾವ ತಪ್ಪಿಗಿಂತಲೂ ಬೇಗ ಗುರುತಿಸುತ್ತಾರೆ. ಬ್ಯಾಂಕ್ ಖಾತೆಯಲ್ಲಿರುವಂತೆ ಒಂದು ಹೆಸರು, ಸಂಘದ ಪುಸ್ತಕದಲ್ಲಿರುವಂತೆ ಇನ್ನೊಂದು, ಹೀಗೆ ಎರಡು ಕ್ಷೇತ್ರಗಳನ್ನು ಇಟ್ಟುಕೊಳ್ಳಿ. ಯಂತ್ರದ ಊಹೆಯನ್ನು ಕಾರ್ಯದರ್ಶಿ ಒಪ್ಪಿದ ಮೇಲಷ್ಟೇ ಅದು ಚೀಟಿಯ ಮೇಲೆ ಬರಲಿ.

ಇನ್ನು ತಡಮಾಡಿದರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕು ಎಂಬ ವಾದವನ್ನು ನೋಡೋಣ. ಹಾಗೆಯೇ ಹೇಳಿದರೆ ಅದು ನಿಜವಲ್ಲ. ಕೋಡಿನ ಆವೃತ್ತಿಗಳನ್ನು ನಿರ್ವಹಿಸುವ, 2005ರಲ್ಲಿ ಆರಂಭವಾದ ಗಿಟ್ ಎಂಬ ತಂತ್ರಾಂಶ, ತನ್ನ ಸಂದೇಶಗಳನ್ನು ಬೇರೆ ಭಾಷೆಗಳಲ್ಲಿ ತೋರಿಸುವ ವ್ಯವಸ್ಥೆಯನ್ನು ಪಡೆದದ್ದು 2012ರ ಜನವರಿಯಲ್ಲಿ, 1.7.9ನೆಯ ಆವೃತ್ತಿಯಲ್ಲಿ. ವೆಬ್ ತಂತ್ರಾಂಶ ಕಟ್ಟಲು ಬಳಸುವ ರೂಬಿ ಆನ್ ರೈಲ್ಸ್ ಚೌಕಟ್ಟಿನ ಮೊದಲ ಪೂರ್ಣ ಆವೃತ್ತಿ 2005ರ ಕೊನೆಯಲ್ಲಿ ಬಂದರೂ, ಬಹುಭಾಷೆಯ ವ್ಯವಸ್ಥೆ ಅದರೊಳಗೇ ಬಂದದ್ದು 2008ರ 2.2ರಲ್ಲಿ. ಎರಡೂ ತಡವಾಗಿ ಸೇರಿಸಿ ಗೆದ್ದವು. ಆದರೆ ಗಿಟ್ ಎದುರಿಸಿದ ತೊಡಕು ನಿಮಗೆ ಪಾಠವಾಗಬೇಕು. ಅದರ ಔಟ್‌ಪುಟ್‌ ಅನ್ನು ಮನುಷ್ಯರು ಮಾತ್ರವಲ್ಲ, ಬೇರೆ ಬೇರೆಯವರು ಬರೆದ ಸ್ಕ್ರಿಪ್ಟುಗಳೂ ಓದುತ್ತಿದ್ದವು; ಮನುಷ್ಯರಿಗಾಗಿ ಇರುವ ಸಂದೇಶ ಅನುವಾದವಾಗಬೇಕು, ಯಂತ್ರಕ್ಕಾಗಿ ಇರುವುದು ಎಂದಿಗೂ ಬದಲಾಗಬಾರದು ಎಂಬ ಗೆರೆಯನ್ನು ಎಚ್ಚರಿಕೆಯಿಂದ ಎಳೆಯಬೇಕಾಯಿತು.

ನಿಮ್ಮ ಕೋಡಿನಲ್ಲಿಯೂ ಈ ಗೆರೆ ಅಳಿಸಿಹೋಗಿರುವ ಜಾಗಗಳು ಇದ್ದೇ ಇರುತ್ತವೆ ಎಂದು ನಾನು ಪಣ ಕಟ್ಟಬಲ್ಲೆ. ಬಟವಾಡೆಯ ಸ್ಥಿತಿಯನ್ನು ‘ಪೇಯ್ಡ್’, ‘ಪೆಂಡಿಂಗ್’ ಎಂಬ ಇಂಗ್ಲಿಷ್ ಪದಗಳಾಗಿಯೇ ಡೇಟಾಬೇಸಿನಲ್ಲಿ ಉಳಿಸಿ, ಅದೇ ಪದವನ್ನು ಪರದೆಯಲ್ಲಿ ತೋರಿಸಿ, ಅದೇ ಪದದೊಂದಿಗೆ ಹೋಲಿಸಿ ಮುಂದಿನ ಲೆಕ್ಕ ಮಾಡುವ ಕೋಡ್ ಎಲ್ಲೋ ಇರುತ್ತದೆ. ಅಂಥ ಕಡೆ ಪರದೆಯನ್ನು ಕನ್ನಡಕ್ಕೆ ತಿರುಗಿಸಿದ ದಿನ ಲೆಕ್ಕ ತಪ್ಪುತ್ತದೆ, ಮತ್ತು ಅದು ಹಣದ ಲೆಕ್ಕ. ತಡಮಾಡಿದ್ದಕ್ಕೆ ತೆರಬೇಕಾದ ನಿಜವಾದ ಬೆಲೆ ಇಂಥ ಬೆಸುಗೆಗಳನ್ನು ಬಿಡಿಸುವುದರಲ್ಲಿದೆ. ಪಠ್ಯವನ್ನು ಕೋಡಿನಿಂದ ಹೊರತೆಗೆದು ಒಂದು ಫೈಲಿಗೆ ಹಾಕುವುದು ಬೇಸರದ ಕೆಲಸವಾದರೂ ಅಪಾಯದ ಕೆಲಸವಲ್ಲ. ಆದ್ದರಿಂದ 60 ಪರದೆಗಳನ್ನೂ ನಿಲ್ಲಿಸಿ ಒಟ್ಟಿಗೆ ಬದಲಿಸುವ ಅಗತ್ಯವಿಲ್ಲ. ಇಂದಿನಿಂದ ಬರೆಯುವ ಯಾವ ಹೊಸ ಪರದೆಯಲ್ಲೂ ಪಠ್ಯ ಕೋಡಿನೊಳಗೆ ಇರಬಾರದು, ಹಳೆಯ ಪರದೆಯನ್ನು ಬೇರೆ ಕಾರಣಕ್ಕೆ ತೆರೆದಾಗ ಅದರ ಪಠ್ಯವನ್ನೂ ಹೊರತೆಗೆಯಬೇಕು ಎಂಬ ನಿಯಮ ಸಾಕು. ವಾರವಾರವೂ ಪರದೆಗಳು ಬದಲಾಗುತ್ತಿವೆ ಎಂದು ನೀವು ಕಷ್ಟವಾಗಿ ಹೇಳಿಕೊಂಡದ್ದು ಇಲ್ಲಿ ನಿಮಗೆ ಅನುಕೂಲವೇ ಆಗುತ್ತದೆ. ಹೊರತೆಗೆದದ್ದು ಪೂರ್ತಿಯಾಗಿದೆಯೇ ಎಂದು ತಿಳಿಯಲು ಅನುವಾದವೂ ಬೇಕಿಲ್ಲ: ಆಂಡ್ರಾಯ್ಡ್‌ನಲ್ಲಿ ಪರೀಕ್ಷೆಗೆಂದೇ ಒಂದು ಹುಸಿಭಾಷೆ ಇದೆ, ಅದು ಇಂಗ್ಲಿಷ್ ಪಠ್ಯವನ್ನೇ ಉದ್ದಗೊಳಿಸಿ, ಅಕ್ಷರಗಳಿಗೆ ಚಿಹ್ನೆ ಹಚ್ಚಿ, ಆವರಣದೊಳಗೆ ತೋರಿಸುತ್ತದೆ. ಆವರಣವಿಲ್ಲದೆ ಕಾಣುವ ಪ್ರತಿಯೊಂದು ಪದವೂ ಇನ್ನೂ ಕೋಡಿನೊಳಗೇ ಉಳಿದಿದೆ ಎಂದರ್ಥ. ವೆಬ್ ಭಾಗಕ್ಕೂ ಇಂಥದನ್ನು ಅರ್ಧ ದಿನದಲ್ಲಿ ನೀವೇ ಮಾಡಿಕೊಳ್ಳಬಹುದು.

ಬದಲಾಗುತ್ತಿರುವ ತಂತ್ರಾಂಶದಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು, ಮೂಲ ಪಠ್ಯ ಬದಲಾದಾಗ ಅನುವಾದಕ್ಕೆ ಏನಾಗುತ್ತದೆ ಎಂಬುದನ್ನು. ಇದನ್ನು ತಂಡಗಳು ಸಾಮಾನ್ಯವಾಗಿ ಕೇಳಿಕೊಳ್ಳುವುದೇ ಇಲ್ಲ. ಗೆಟ್‌ಟೆಕ್ಸ್ಟ್ ಎಂಬ ಅನುವಾದ ಪದ್ಧತಿಯಲ್ಲಿ ಇಂಗ್ಲಿಷ್ ವಾಕ್ಯವೇ ಕೀ, ಅಂದರೆ ಅನುವಾದವನ್ನು ಹುಡುಕಿ ತರುವ ಗುರುತು. ಅದರಲ್ಲಿ ಒಂದು ಅಲ್ಪವಿರಾಮ ಬದಲಾದರೂ ಹಳೆಯ ಅನುವಾದಕ್ಕೆ ‘ಫಜ್ಜಿ’ (ಖಚಿತವಲ್ಲ) ಎಂಬ ಗುರುತು ಬೀಳುತ್ತದೆ, ಯಾರಾದರೂ ಪರಿಶೀಲಿಸುವವರೆಗೆ ಬಳಕೆದಾರರಿಗೆ ಇಂಗ್ಲಿಷ್ ಕಾಣುತ್ತದೆ. ಆಂಡ್ರಾಯ್ಡ್‌ನ ಪದ್ಧತಿಯಲ್ಲಿ ಕೀಗೆ ಪ್ರತ್ಯೇಕ ಹೆಸರಿರುತ್ತದೆ. ಅಲ್ಲಿ ಇಂಗ್ಲಿಷ್ ವಾಕ್ಯದ ಅರ್ಥವೇ ತಿರುಗಿದರೂ ಕನ್ನಡದ ಹಳೆಯ ವಾಕ್ಯ ಸದ್ದಿಲ್ಲದೆ ಹಾಗೆಯೇ ಉಳಿಯುತ್ತದೆ. ಮೊದಲನೆಯದರ ದೋಷ ಎಲ್ಲರಿಗೂ ಕಾಣುತ್ತದೆ, ಎರಡನೆಯದರ ದೋಷ ಕನ್ನಡ ಮಾತ್ರ ಓದುವವರಿಗೆ ತಟ್ಟುತ್ತದೆ. ಅವರಿಗೆ ಹೋಲಿಸಿ ನೋಡಲು ಇಂಗ್ಲಿಷ್ ಇರುವುದಿಲ್ಲ. ‘ಸಾಲದ ಕಂತು ಕಡಿತಗೊಳಿಸುವ ಮೊದಲಿನ ಮೊತ್ತ’ ಎಂದಿದ್ದ ಸಾಲು ‘ಕಡಿತದ ನಂತರದ ಮೊತ್ತ’ ಎಂದು ಇಂಗ್ಲಿಷ್‌ನಲ್ಲಿ ಮಾತ್ರ ಬದಲಾಯಿತೆಂದುಕೊಳ್ಳಿ. ಸಂಘದ ಬಾಗಿಲಲ್ಲಿ ಜಗಳವಾಗಲು ಅಷ್ಟು ಸಾಕು. ಹಣ ಸುಳಿಯುವ ಯಾವ ತಂತ್ರಾಂಶದಲ್ಲೂ ಕಾಣುವ ದೋಷವೇ ಮೇಲು ಎಂಬುದು ನನ್ನ ಅಭಿಪ್ರಾಯ. ನೀವು ಪ್ರತ್ಯೇಕ ಹೆಸರಿನ ಕೀಗಳನ್ನೇ ಬಳಸುವುದಾದರೆ, ಅರ್ಥ ಬದಲಾದಾಗಲೆಲ್ಲ ಹಳೆಯ ಕೀಯನ್ನು ತೆಗೆದುಹಾಕಿ ಹೊಸ ಹೆಸರಿನ ಕೀ ಹಾಕಬೇಕೆಂಬ ಶಿಸ್ತನ್ನು ತಂಡದಲ್ಲಿ ಕಟ್ಟುನಿಟ್ಟಾಗಿ ಪಾಲಿಸಿ.

ಇದೇ ತೊಂದರೆಯ ಇನ್ನೊಂದು ಮುಖಕ್ಕೆ, ಲಿನಕ್ಸ್ ಕಂಪ್ಯೂಟರುಗಳ ಪರದೆಯನ್ನು ರೂಪಿಸುವ ಗ್ನೋಮ್ ಯೋಜನೆ ಬಹಳ ಹಿಂದೆಯೇ ಒಂದು ಪರಿಹಾರ ಕಂಡುಕೊಂಡಿತು. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುವ ಆ ಯೋಜನೆಯಲ್ಲಿ, ಬಿಡುಗಡೆಗೆ ಕೆಲವು ವಾರಗಳ ಮೊದಲು ‘ಸ್ಟ್ರಿಂಗ್ ಫ್ರೀಜ್’ ಜಾರಿಗೆ ಬರುತ್ತದೆ: ಅಂದಿನಿಂದ ಅನುಮತಿಯಿಲ್ಲದೆ ಯಾರೂ ಪಠ್ಯವನ್ನು ಮುಟ್ಟುವಂತಿಲ್ಲ, ಅನುವಾದಕರು ಆ ಅವಧಿಯಲ್ಲಿ ಕೆಲಸ ಮುಗಿಸುತ್ತಾರೆ. ಪರದೆಗಳು ಪೂರ್ತಿಯಾಗಿ ಹದಕ್ಕೆ ಬರುವವರೆಗೆ ಕಾಯೋಣ ಎನ್ನುವ ನಿಮ್ಮ ಗೆಳೆಯರಿಗೆ ಇದನ್ನು ತೋರಿಸಿ. ಬಳಕೆಯಲ್ಲಿರುವ ತಂತ್ರಾಂಶ ಎಂದಿಗೂ ಹದಕ್ಕೆ ಬಂದು ನಿಲ್ಲುವುದಿಲ್ಲ. ನಿಲ್ಲಿಸಬೇಕಾದವರು ನಾವು, ಅದೂ ಕೆಲವು ದಿನಗಳ ಮಟ್ಟಿಗೆ. ನಿಮ್ಮಂಥ ಸಣ್ಣ ತಂಡಕ್ಕೆ ತಿಂಗಳಲ್ಲಿ ನಾಲ್ಕೈದು ದಿನ ಸಾಕಾದೀತು.

ಕೋಡಿನಿಂದ ಪಠ್ಯವನ್ನು ಹೊರತೆಗೆಯುವಾಗ ವಾಕ್ಯವನ್ನು ತುಂಡು ಮಾಡಬೇಡಿ. ಇಂಗ್ಲಿಷ್‌ನಲ್ಲಿ ಮೊದಲ ತುಂಡು, ಹೆಸರು, ಎರಡನೆಯ ತುಂಡು, ಮೊತ್ತ ಎಂದು ಪೋಣಿಸಿದರೆ ವಾಕ್ಯವಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಹೋಗಬೇಕು, ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟಬೇಕು, ಅದೂ ಹೆಸರಿನ ಕೊನೆಯ ಸ್ವರವನ್ನು ನೋಡಿಕೊಂಡು. ಇಡೀ ವಾಕ್ಯ ಒಂದೇ ಸ್ಟ್ರಿಂಗ್ (ಅಖಂಡ ಪಠ್ಯ) ಆಗಿದ್ದು, ಹೆಸರು ಮತ್ತು ಮೊತ್ತದ ಜಾಗಗಳಿಗೆ ಅದರೊಳಗೆ ಗುರುತು ಇರಲಿ. ಅನುವಾದಕರು ಅವುಗಳನ್ನು ಬೇಕಾದ ಕಡೆ ಸರಿಸಿಕೊಳ್ಳುತ್ತಾರೆ, ಹೆಸರಿನ ಮುಂದೆ ‘ಅವರಿಗೆ’, ‘ಅವರಿಂದ’ ಎಂದು ಬಿಡಿಯಾಗಿ ಬರೆದು ಪ್ರತ್ಯಯದ ತೊಡಕನ್ನೂ ದಾಟುತ್ತಾರೆ. ಏಕವಚನ, ಬಹುವಚನಗಳನ್ನೂ ಸಂಖ್ಯೆ 1 ಹೌದೋ ಅಲ್ಲವೋ ಎಂದು ನೋಡಿ ನೀವೇ ಕೋಡಿನಲ್ಲಿ ತೀರ್ಮಾನಿಸಬೇಡಿ. ಆಯಾ ಭಾಷೆಯ ಅಂಕಿ, ದಿನಾಂಕ, ವಚನಗಳ ನಿಯಮಗಳನ್ನು ಸಂಗ್ರಹಿಸಿರುವ ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ದತ್ತಾಂಶದಲ್ಲಿ ಕನ್ನಡದ ಸೊನ್ನೆಯನ್ನು ಒಂದರ ಜೊತೆಗೆ ಸೇರಿಸಲಾಗಿದೆ, ಮರಾಠಿಯಲ್ಲಿ ಹಾಗಿಲ್ಲ. ಅನುವಾದಕ್ಕೆಂದು ಇರುವ ಲೈಬ್ರರಿಗಳಿಗೆ (ಸಿದ್ಧ ಕೋಡ್ ಸಂಗ್ರಹಗಳಿಗೆ) ಇದು ಗೊತ್ತಿರುತ್ತದೆ.

ಮರಾಠಿಯ ವಿಷಯ ಬಂದುದರಿಂದ ಹೇಳುತ್ತೇನೆ: ಅದರಿಂದ ನಿಮಗೆ ಬರಬಹುದಾದ ಮೊದಲ ಪೆಟ್ಟು ಅನುವಾದದ್ದಾಗಿರುವುದಿಲ್ಲ, ಅಂಕಿಗಳದ್ದಾಗಿರುತ್ತದೆ. ಅದೇ ಸಿಎಲ್‌ಡಿಆರ್ ಪ್ರಕಾರ ಕನ್ನಡಕ್ಕೆ ಪೂರ್ವನಿಯೋಜಿತ ಅಂಕಿಗಳು 1, 2, 3. ಮರಾಠಿಗೆ ದೇವನಾಗರಿ ಅಂಕಿಗಳು. ಭಾಷೆಯನ್ನು ಮರಾಠಿಗೆ ತಿರುಗಿಸಿದ ಕೂಡಲೇ ಬ್ರೌಸರಿನಲ್ಲಿ ಲೀಟರು, ಫ್ಯಾಟು, ಮೊತ್ತಗಳೆಲ್ಲ ದೇವನಾಗರಿಯಲ್ಲಿ ಬರುತ್ತವೆ. ಪರದೆಗೆಂದು ಅಲಂಕರಿಸಿದ ಆ ಅಂಕಿಯನ್ನೇ ಮರಳಿ ಓದಿ ಗುಣಿಸುವ ಕೋಡ್ ಎಲ್ಲಾದರೂ ಇದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ. ಯಾವ ಅಂಕಿಗಳು ಬೇಕು ಎಂಬುದನ್ನು ಸಂಘವನ್ನೇ ಕೇಳಿ, ಕೋಡಿನಲ್ಲಿ ಸ್ಪಷ್ಟವಾಗಿ ಸೂಚಿಸಿ. 1,25,000 ಎಂಬಲ್ಲಿ ಅಲ್ಪವಿರಾಮ ಎಲ್ಲಿ ಬೀಳುತ್ತದೆ ಎಂಬುದನ್ನೂ ಕಣ್ಣಾರೆ ನೋಡಿಕೊಳ್ಳಿ.

ನಿಮ್ಮಲ್ಲಿ ಯಾವ ಪಠ್ಯ ಮೊದಲು ಕನ್ನಡವಾಗಬೇಕು? ಕಾರ್ಯದರ್ಶಿಯ ಪರದೆಗಳು ಎಂದು ಹೆಚ್ಚಿನ ತಂಡಗಳು ಹೇಳುತ್ತವೆ, ಏಕೆಂದರೆ ಕೇಳುವವರು ಅವರೇ. ಆದರೆ ಇಂಗ್ಲಿಷ್‌ನಿಂದ ನಿಜವಾಗಿ ತೊಂದರೆಗೊಳಗಾಗುವವರು ಚೀಟಿ ಹಿಡಿದು ಹೋಗುವ ಉತ್ಪಾದಕರು. ಚೀಟಿ ಮತ್ತು ಎಸ್‌ಎಂಎಸ್‌ಗಳಲ್ಲಿ ಪಠ್ಯವೂ ಕಡಿಮೆ, ಅದು ವಾರವಾರ ಬದಲಾಗುವುದೂ ಇಲ್ಲ. ಅಲ್ಲಿಂದಲೇ ಆರಂಭಿಸಿ. ಪದಗಳನ್ನು ಆರಿಸುವಾಗ ಡೇರಿಯಲ್ಲಿ ಜನ ಆಡುವುದನ್ನೇ ಇಟ್ಟುಕೊಳ್ಳಿ: ಫ್ಯಾಟ್ ಫ್ಯಾಟ್ ಆಗಿಯೇ ಇರಲಿ, ಬೆಳಗಿನ ಪಾಳಿ, ಸಂಜೆಯ ಪಾಳಿ ಎಂದಿರಲಿ.

ತಾಂತ್ರಿಕವಾಗಿ ಮಾತ್ರ ಅವೇ ಎರಡು ಕಠಿಣ ಜಾಗಗಳು. ಥರ್ಮಲ್ ಪ್ರಿಂಟರಿನಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರಗಳಿರುವುದಿಲ್ಲ. ಇಡೀ ಚೀಟಿಯನ್ನು ಚಿತ್ರವಾಗಿ ಬಿಡಿಸಿ ಕಳಿಸಬೇಕು. 58 ಮಿಲಿಮೀಟರ್ ಕಾಗದದಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ ಸಿಗುವುದು 384 ಚುಕ್ಕೆಗಳು. ಇಂಗ್ಲಿಷ್‌ನಲ್ಲಿ ಸಾಲಿಗೆ 32 ಅಕ್ಷರ ಎಂದು ಎಣಿಸಿ, ಖಾಲಿಜಾಗ ತುಂಬಿಸಿ ಕಾಲಂಗಳನ್ನು ಹೊಂದಿಸಿದ್ದರೆ, ಕನ್ನಡದಲ್ಲಿ ಅಕ್ಷರದಿಂದ ಅಕ್ಷರಕ್ಕೆ ಅಗಲ ಬದಲಾಗುವುದರಿಂದ ಆ ಲೆಕ್ಕ ಕೆಲಸಕ್ಕೆ ಬಾರದು. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲಿನ ಎತ್ತರವನ್ನೂ ಹೆಚ್ಚಿಸಬೇಕು. ಚಿತ್ರವಾಗಿ ಮುದ್ರಿಸಿದಾಗ ಪ್ರತಿ ಚೀಟಿಗೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಬೆಳಗಿನ ಸರತಿಯಲ್ಲಿ ಅದು ಗಮನಕ್ಕೆ ಬಂದೇ ಬರುತ್ತದೆ, ಹಾಗಾಗಿ ನಿಮ್ಮ ಮೇಜಿನ ಮೇಲಲ್ಲ, ಸಂಘದಲ್ಲಿಯೇ ಪರೀಕ್ಷಿಸಿ. ಪಿಡಿಎಫ್ ವರದಿಗಳನ್ನೂ ಮರೆಯಬೇಡಿ: ಹಲವು ಪಿಡಿಎಫ್ ಲೈಬ್ರರಿಗಳಿಗೆ ಭಾರತೀಯ ಲಿಪಿಗಳನ್ನು ಜೋಡಿಸುವುದು ಬರುವುದಿಲ್ಲ, ಒತ್ತಕ್ಷರಗಳು ಬಿಡಿಬಿಡಿಯಾಗಿ ಸಾಲುಗಟ್ಟುತ್ತವೆ.

ಎಸ್‌ಎಂಎಸ್‌ನ ತೊಂದರೆ ಹಣದ್ದು. ಇಂಗ್ಲಿಷ್ ಸಂದೇಶವೊಂದರಲ್ಲಿ 160 ಅಕ್ಷರ ಹಿಡಿಯುತ್ತದೆ. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಮಿತಿ 70ಕ್ಕೆ ಇಳಿಯುತ್ತದೆ, ಸಂದೇಶ ಭಾಗಗಳಾಗಿ ಒಡೆದರೆ ಪ್ರತಿ ಭಾಗಕ್ಕೆ 67. ಇಲ್ಲಿ ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ, ಅನುಸ್ವಾರ ಎಲ್ಲವೂ ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುತ್ತವೆ. ‘ಸಂಘಕ್ಕೆ’ ಎಂಬುದು ನಮಗೆ ಮೂರು ಅಕ್ಷರ, ಎಸ್‌ಎಂಎಸ್‌ಗೆ ಏಳು. 200 ಸದಸ್ಯರಿಗೆ ದಿನಕ್ಕೆ ಎರಡು ಬಾರಿ ಸಂದೇಶ ಹೋಗುವ ಸಂಘದಲ್ಲಿ 400 ಇದ್ದುದು ಎರಡು ಭಾಗಗಳಾದರೆ 800ಕ್ಕೆ ಏರುತ್ತದೆ. ಈ ವೆಚ್ಚ ಯಾರದೆಂದು ಸಂಘದೊಂದಿಗೆ ಮೊದಲೇ ಮಾತಾಡಿ. ಜೊತೆಗೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿಯ ಪ್ರಕಾರ ಸಂದೇಶದ ಮಾದರಿಯನ್ನು ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ಕನ್ನಡದ ಮಾದರಿಗೆ ಬೇರೆಯೇ ನೋಂದಣಿ ಬೇಕು. ಹೊಂದದ ಸಂದೇಶ ದಾರಿಯಲ್ಲೇ ತಡೆಯಲ್ಪಡುತ್ತದೆ. ಕೋಡಿನಲ್ಲಿ ಒಂದು ಪದ ತಿದ್ದಿ ಸಂಜೆಯೇ ಬಿಡುಗಡೆ ಮಾಡುವ ನಿಮ್ಮ ಅಭ್ಯಾಸ ಇಲ್ಲಿ ನಡೆಯದು.

ಬ್ರೌಸರಿನ ಯಂತ್ರಾನುವಾದ ಚೀಟಿಯನ್ನೂ ಎಸ್‌ಎಂಎಸ್‌ ಅನ್ನೂ ಮುಟ್ಟುವುದೇ ಇಲ್ಲ ಎಂಬುದೊಂದೇ ಅದನ್ನು ಬದಿಗಿಡಲು ಸಾಕಾದ ಕಾರಣ. ಪರದೆಯಲ್ಲೂ ಅದು ಒಂಟಿ ಪದಗಳ ಎದುರು ಸೋಲುತ್ತದೆ: ಪಾಳಿ ಎಂಬರ್ಥದ ‘ಶಿಫ್ಟ್’ ಅದಕ್ಕೆ ಸ್ಥಳಾಂತರವಾಗಿ ಕಾಣಬಹುದು. ರಿಯಾಕ್ಟ್‌ನಂಥ ಲೈಬ್ರರಿಯಲ್ಲಿ ಕಟ್ಟಿದ ಪುಟದ ಪಠ್ಯವನ್ನು ಬ್ರೌಸರ್ ತಾನಾಗಿ ಬದಲಿಸಿದಾಗ ಪುಟವೇ ಕುಸಿಯುವುದೂ ಉಂಟು. ಮೊದಲ ಕರಡಿಗೆ ಯಂತ್ರವನ್ನು ಬಳಸುವುದರಲ್ಲಿ ತಪ್ಪಿಲ್ಲ. ಓದಿ ತಿದ್ದಲು ಮನುಷ್ಯರಿರಬೇಕು. ಅಂಥವರು ಕಂಪ್ಯೂಟರ್ ಬಲ್ಲ ಭಾಷಾತಜ್ಞರೇ ಆಗಬೇಕಿಲ್ಲ, ಅನುಭವಿ ಕಾರ್ಯದರ್ಶಿಯೊಬ್ಬರು ಅವರಿಗಿಂತ ಚೆನ್ನಾಗಿ ಮಾಡುತ್ತಾರೆ. ಸಂಭಾವನೆ ಕೊಟ್ಟೇ ಮಾಡಿಸಿ.

ವಿನ್ಯಾಸದಲ್ಲಿ ಒಂದು ತೀರ್ಮಾನವನ್ನು ಮಾತ್ರ ಈಗಲೇ ಮಾಡಿಕೊಳ್ಳಬೇಕು. ಭಾಷೆಯನ್ನು ಕಂಪ್ಯೂಟರಿಗಾಗಲಿ ಸಂಘಕ್ಕಾಗಲಿ ಕಟ್ಟಿಹಾಕದೆ ವ್ಯಕ್ತಿಗೆ ಕಟ್ಟಿ. ನಿಪ್ಪಾಣಿಯಂಥ ಊರಿನಲ್ಲಿ ಒಂದೇ ಸಂಘದಲ್ಲಿ ಕನ್ನಡ ಓದುವ ಸದಸ್ಯರೂ ಮರಾಠಿ ಓದುವ ಸದಸ್ಯರೂ ಇರುತ್ತಾರೆ. ಲೆಕ್ಕಪರಿಶೋಧಕರು ಇಂಗ್ಲಿಷ್ ವರದಿ ಕೇಳಬಹುದು. ಕಾರ್ಯದರ್ಶಿಯ ಪರದೆ ಯಾವ ಭಾಷೆಯಲ್ಲಿದ್ದರೂ ಚೀಟಿ ಸದಸ್ಯರ ಭಾಷೆಯಲ್ಲಿ ಬರಬೇಕು. ಇಂಗ್ಲಿಷ್ ಹೆಸರಿನ ಕಾಲಂ ಪಕ್ಕದಲ್ಲಿ ಕನ್ನಡದ್ದೊಂದು ಕಾಲಂ ಹಾಕಿ ಮುಗಿಸುವುದು ಎರಡು ಭಾಷೆಗಳಿರುವಾಗ ಜಾಣತನವಾಗಿ ತೋರುತ್ತದೆ, ಮೂರನೆಯದು ಬಂದಾಗ ಪ್ರತಿಯೊಂದು ಕೋಷ್ಟಕವನ್ನೂ ಒಡೆಯಬೇಕಾಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎನ್‌ಕೋಡಿಂಗ್ ಪರೀಕ್ಷೆ ಮತ್ತು ಹೊಸ ಪರದೆಗಳ ನಿಯಮವನ್ನು ಇಂದಿನಿಂದಲೇ ಜಾರಿಗೆ ತರುತ್ತಿದ್ದೆ, ಕನ್ನಡದ ಚೀಟಿಯನ್ನು ಒಂದೇ ಒಂದು ಸಂಘದಲ್ಲಿ ಮೊದಲು ಬಿಡುತ್ತಿದ್ದೆ, ಕಾರ್ಯದರ್ಶಿಯ ಪರದೆಗಳನ್ನು ಅವು ತಾವಾಗಿ ತಿದ್ದುಪಡಿಗೆ ಬಂದಂತೆಲ್ಲ ಸೇರಿಸುತ್ತ ಹೋಗುತ್ತಿದ್ದೆ. ಇದರ ಅಪಾಯವೆಂದರೆ ಕೆಲವು ತಿಂಗಳು ತಂತ್ರಾಂಶ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಆಗಿರುತ್ತದೆ, ನೋಡಿದವರು ಟೀಕಿಸುತ್ತಾರೆ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಆ ಟೀಕೆ ತಪ್ಪುತ್ತದೆ, ಆದರೆ ಆ ಅವಧಿಯಲ್ಲಿ ಸಂಘಗಳು ಕೇಳಿದ ಬೇರೆ ಯಾವ ಕೆಲಸವೂ ಆಗುವುದಿಲ್ಲ. ನಾಲ್ವರ ತಂಡಕ್ಕೆ ಅದು ಹೆಚ್ಚಿನ ಹೊರೆ. ಮರಾಠಿಗೆ ಈಗಲೇ ಒಪ್ಪಿಕೊಳ್ಳಬೇಡಿ. ಆ ಸಂಘ ಬರವಣಿಗೆಯಲ್ಲಿ ಒಪ್ಪಂದಕ್ಕೆ ಬಂದು, ಪ್ರತಿ ಬದಲಾವಣೆಯನ್ನೂ ಮರಾಠಿಯಲ್ಲಿ ಓದಿ ನೋಡುವ ಒಬ್ಬರನ್ನು ಗೊತ್ತುಮಾಡಿದ ಮೇಲೆ ದಿನಾಂಕ ಹೇಳಿ. ನಿಮ್ಮ ನಾಲ್ವರಲ್ಲಿ ಯಾರಿಗೂ ಓದಲು ಬಾರದ ಭಾಷೆಯಲ್ಲಿ ಹಣದ ಚೀಟಿ ಮುದ್ರಿಸುವಾಗ ಆ ಒಬ್ಬರಿಲ್ಲದೆ ತಪ್ಪು ಹಿಡಿಯುವವರೇ ಇರುವುದಿಲ್ಲ.